ಜೇಠಾಲಾಲನ ಗೋಳು ನೋಡೋಕೆ ಜನ ಇನ್ನೂ ಯಾಕೆ ಕೂರುತ್ತಾರೆ?

ಗುರುವಾರದ_ಬಾಂಡ

ಸಬ್ ಟಿವಿಯ ಹಿಂದಿ ಹಾಸ್ಯ ಧಾರಾವಾಹಿ ‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’ ಶುರುವಾಗಿದ್ದು 2008ರ ಜುಲೈ 28ಕ್ಕೆ. ಕಂತುಗಳ ಲೆಕ್ಕ 4000 ದಾಟಿದೆ. ದಿನಾ ಬರುವ ಸಿಟ್‌ಕಾಂಗಳಲ್ಲಿ ಇಷ್ಟು ಕಂತು ಕಂಡದ್ದು ಇನ್ನೊಂದಿಲ್ಲ ಅಂತ ಗಿನ್ನೆಸ್ ದಾಖಲೆಯೂ ಇದೆ. ಅದೆಲ್ಲ ಇರಲಿ. ನನಗೆ ಆಶ್ಚರ್ಯ ಬೇರೆ ವಿಷಯಕ್ಕೆ. ಇದನ್ನು ಬೈಯುವವರೇ ಜಾಸ್ತಿ. “ಈಗ ಮೊದಲಿನ ಥರ ಇಲ್ಲ ಬಿಡ್ರೀ” ಅನ್ನದವರನ್ನು ನಾನು ನೋಡೇ ಇಲ್ಲ. ಹಾಗೆ ಬೈಯುತ್ತಲೇ ರಾತ್ರಿ ತಟ್ಟೆ ಹಿಡಿದು ಕೂತಾಗ ಅದನ್ನೇ ಹಾಕುತ್ತಾರೆ. ಯಾಕೆ?

ನನ್ನ ಲೆಕ್ಕಾಚಾರ ಹೇಳಿಬಿಡುತ್ತೇನೆ, ಆಮೇಲೆ ನೀವು ಜಗಳಕ್ಕೆ ಬನ್ನಿ.

ಇದರ ಕಥಾನಾಯಕ ಜೇಠಾಲಾಲನಿಗೆ ಬೇಕಾಗಿರುವುದೆಲ್ಲ ಬಹಳ ಸಣ್ಣದು. ಭಾನುವಾರ ಬೆಳಿಗ್ಗೆ ಜಲೇಬಿ, ಜೊತೆಗೆ ಫಾಫಡಾ ಅನ್ನುವ ಕಡಲೆಹಿಟ್ಟಿನ ಕುರುಕು ತಿಂಡಿ. ಇನ್ನೊಂದು ಹತ್ತು ನಿಮಿಷ ನಿದ್ದೆ. ಎದುರು ಮನೆಯ ಬಬಿತಾಜಿ ಜೊತೆ ಎರಡು ಮಾತು. ಅಪ್ಪನ ಹತ್ತಿರ ಬೈಗುಳ ತಿನ್ನದೆ ಒಂದು ದಿನ ಕಳೆಯುವುದು. ಅಷ್ಟೇ. ಆ ಅಷ್ಟೂ ಅವನಿಗೆ ಸಿಗುವುದಿಲ್ಲ. ನಿದ್ದೆ ಹೋಗುತ್ತದೆ, ಜಲೇಬಿ ತಣ್ಣಗಾಗುತ್ತದೆ, ಬಬಿತಾ ಎದುರು ಬಂದ ಹೊತ್ತಿಗೇ ಅವಳ ಗಂಡ ಅಯ್ಯರ್ ಬಂದು ನಿಲ್ಲುತ್ತಾನೆ. ಬೇರೆ ಧಾರಾವಾಹಿಗಳಲ್ಲಿ ಆಸ್ತಿ ಹೋಗುತ್ತದೆ, ಗಂಡ ಕಳೆದುಹೋಗುತ್ತಾನೆ, ಮುಖವೇ ಬದಲಾಗುತ್ತದೆ. ಇಲ್ಲಿ ಒಬ್ಬ ಮನುಷ್ಯನ ತಿಂಡಿ ತಪ್ಪುತ್ತದೆ. ತಿಂಡಿ ತಪ್ಪಿದ ಕಷ್ಟ ಎಲ್ಲರಿಗೂ ಗೊತ್ತು, ಅಲ್ವಾ?

ಮತ್ತೊಂದು. ಅವನು ಅಂಗಡಿ ಮಾಲೀಕ. ಕೈಕೆಳಗೆ ಇಬ್ಬರು ಕೆಲಸಗಾರರು. ಮಗ ಬೆಳೆದಿದ್ದಾನೆ. ಆದರೂ ಅಪ್ಪ ಚಂಪಕ್‌ಲಾಲ್ ಕೂಗಿದರೆ ಎದೆ ಡವಡವ. ನಲವತ್ತು ದಾಟಿದ ಗಂಡಸು ಅಪ್ಪನಿಗೆ ಹೆದರುವುದನ್ನು ಅವಮಾನ ಮಾಡದೆ ತೋರಿಸಿದ ಧಾರಾವಾಹಿ ನನಗೆ ಬೇರೆ ಗೊತ್ತಿಲ್ಲ.

ಹಳೇಟಿವಿ

ಒಪ್ಪುತ್ತೇನೆ. ಆದರೆ ಹುಟ್ಟಿದ ಕಥೆ ಬಿಟ್ಟರೆ ಅರ್ಧ ಮಾತ್ರ ಹೇಳಿದಂತೆ.

ಇದು ಟಿವಿಗಾಗಿ ಹುಟ್ಟಿದ ಕಥೆಯಲ್ಲ. ತಾರಕ್ ಮೆಹ್ತಾ ಅನ್ನುವವರು ನಿಜವಾಗಿ ಇದ್ದರು. ಅಹಮದಾಬಾದಿನವರು, ಗುಜರಾತಿ ಹಾಸ್ಯ ಲೇಖಕರು, ನಾಟಕಕಾರರು. 1971ರಿಂದ ‘ಚಿತ್ರಲೇಖಾ’ ವಾರಪತ್ರಿಕೆಯಲ್ಲಿ ‘ದುನಿಯಾ ನೆ ಊಂಧಾ ಚಶ್ಮಾ’ ಅಂತ ಅಂಕಣ ಬರೆಯುತ್ತಿದ್ದರು. ಜೇಠಾಲಾಲ್, ಹೆಂಡತಿ ದಯಾ, ಮಗ ಟಪ್ಪು, ಅಪ್ಪ ಚಂಪಕ್‌ಲಾಲ್ ಎಲ್ಲ ಅಲ್ಲಿಂದಲೇ ಬಂದವರು. 2015ರಲ್ಲಿ ಪದ್ಮಶ್ರೀ ಬಂತು, 2017ರ ಮಾರ್ಚ್ 1ರಂದು ತೀರಿಕೊಂಡರು. ಅಂದರೆ ನಿರ್ಮಾಪಕ ಅಸಿತ್ ಕುಮಾರ್ ಮೋದಿ ಟಿವಿಗೆ ತರುವ ಹೊತ್ತಿಗೆ ಈ ಪಾತ್ರಗಳು ಗುಜರಾತಿ ಮನೆಗಳಲ್ಲಿ ದಶಕಗಳ ಕಾಲ ಬಾಳಿ ಬದುಕಿದ್ದವು. ಹೊಸದಾಗಿ ಕಟ್ಟಿದ ಪಾತ್ರಕ್ಕೆ ಅಷ್ಟು ಬೇಗ ಮೈ ಕೈ ತುಂಬುವುದಿಲ್ಲ.

ಕಾಲವೂ ಕೂಡಿಬಂತು. 2008 ಅಂದರೆ ಹಿಂದಿ ಟಿವಿಯ ದೊಡ್ಡ ಅತ್ತೆ-ಸೊಸೆ ಧಾರಾವಾಹಿ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥಿ’ ಎಂಟು ವರ್ಷ ಓಡಿ ಮುಗಿದ ವರ್ಷ. ಜನಕ್ಕೆ ಅಳು ಸಾಕಾಗಿತ್ತು. ಸಬ್ ಟಿವಿ ಆಗ ಮನೆಮಂದಿಯ ಕಾಮಿಡಿ ಚಾನೆಲ್ ಆಗಲು ಹೊರಟಿತ್ತು. ರಾತ್ರಿ ಎಂಟೂವರೆ, ಊಟದ ಹೊತ್ತು. ಅಲ್ಲಿ ಇದನ್ನು ಕೂರಿಸಿದರು.

ಇನ್ನೊಂದು ಜಾಣತನ ಇದೆ. ಕಥೆ ನಡೆಯುವ ಮುಂಬೈನ ಗೋಕುಲಧಾಮ ಸೊಸೈಟಿಯನ್ನು ಗುಜರಾತಿಗಳ ಸೊಸೈಟಿ ಮಾಡಲಿಲ್ಲ. ಜೇಠಾಲಾಲನ ಗಡಾ ಕುಟುಂಬ ಕಚ್ಛಿನ ಭಚಾವ್ ಕಡೆಯದು. ಭಿಡೆ ಮರಾಠಿ ಮೇಷ್ಟ್ರು. ಸೋಢಿ ಪಂಜಾಬಿ, ಅವನ ಹೆಂಡತಿ ರೋಶನ್ ಪಾರ್ಸಿ. ಅಯ್ಯರ್ ತಮಿಳಿನವನು, ಹೆಂಡತಿ ಬಬಿತಾ ಬಂಗಾಳಿ. ಡಾಕ್ಟರ್ ಹಾಥಿ ಬಿಹಾರದ ಕಡೆಯವನು. ಗೇಟಿನ ಹತ್ತಿರ ಅಬ್ದುಲ್ ಅಂಗಡಿ. ಯಾವ ಹಬ್ಬ ಬಂದರೂ ಕಂತಿಗೆ ಕಥೆ ಸಿಗುತ್ತದೆ! ಗಣೇಶ ಕೂರಿಸುತ್ತಾರೆ, ನವರಾತ್ರಿಗೆ ಗರ್ಬಾ, ಈದ್, ಕ್ರಿಸ್‌ಮಸ್, ಗುಡಿ ಪಾಡ್ವಾ. ದಿನಾ ಒಂದು ಕಂತು ತುಂಬಿಸಬೇಕಾದ ಬರಹಗಾರನಿಗೆ ಇದಕ್ಕಿಂತ ದೊಡ್ಡ ವರ ಇಲ್ಲ.

ಸೋಡಾ_ಬಾಟ್ಲು

ಗಂಡಸರೆಲ್ಲ ರಾತ್ರಿ ಅಬ್ದುಲ್ ಅಂಗಡಿ ಮುಂದೆ ಸೇರಿ ಕುಡಿಯುವುದು ಸೋಡಾ. ಬರೀ ಸೋಡಾ. ನನ್ನ ಹೆಸರಿಗೆ ಕಾರಣವೂ ಅದೇ.

ಅಜ್ಜಿ_ರಿಮೋಟ್

ಸೋಡಾ ವಿಷಯ ತಮಾಷೆ ಅಲ್ಲ, ಅಸಲು ವಿಷಯವೇ ಅದು. ನಮ್ಮ ಮನೆಯಲ್ಲಿ ಮೂರು ತಲೆಮಾರು ಒಂದೇ ಟಿವಿ ಮುಂದೆ ಕೂರುತ್ತದೆ. ಅತ್ತೆ ಪಕ್ಕದಲ್ಲಿದ್ದರೆ ಓಟಿಟಿಯಲ್ಲಿ ಏನು ಹಾಕಿದರೂ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಯಾವಾಗ ಬೈಗುಳ ಬರುತ್ತದೋ, ಯಾವಾಗ ಬಟ್ಟೆ ಕಳಚುತ್ತದೋ ಹೇಳೋಕಾಗಲ್ಲ. ಇದರಲ್ಲಿ ಆ ಭಯ ಇಲ್ಲ. ರಿಮೋಟ್ ಟೀಪಾಯ್ ಮೇಲೆ ಇಟ್ಟು ಅಡುಗೆಮನೆಗೆ ಹೋಗಬಹುದು. ಹಿಂತಿರುಗಿ ಬಂದಾಗ ಕಥೆ ಎಲ್ಲೂ ಹೋಗಿರುವುದಿಲ್ಲ.

ಅದನ್ನೇ ಕೆಲವರು ದೋಷ ಅನ್ನುತ್ತಾರೆ. ಒಂದು ವಾರ ನೋಡದಿದ್ದರೂ ಏನೂ ತಪ್ಪಿಹೋಗುವುದಿಲ್ಲ ಅಂತ. ಹೌದು, ಅದಕ್ಕೇ ನೋಡುವುದು. ಪೂರ್ತಿ ಗಮನ ಕೇಳುವ ಕಾರ್ಯಕ್ರಮಗಳು ಬೇಕಾದಷ್ಟಿವೆ. ರೊಟ್ಟಿ ಬೇಯಿಸುತ್ತಾ ಕೇಳಿಸಿಕೊಂಡರೂ ಸಾಕು ಅನ್ನುವಂಥದ್ದು ಕಡಿಮೆ. ನಮ್ಮ ಅತ್ತೆಗೆ ಹಿಂದಿ ಅಷ್ಟಕ್ಕಷ್ಟೇ. ಆದರೂ ದಯಾ “ಹೇ ಮಾ ಮಾತಾಜಿ” ಅಂದ ಕೂಡಲೇ ಇವರೂ ಕೆನ್ನೆಗೆ ಕೈ ಹೊಡೆದುಕೊಳ್ಳುತ್ತಿದ್ದರು.

ಬರೋಡಾ_ಕನ್ನಡಿಗ

ಕೆಲಸದ ಮೇಲೆ ಬಂದು ಇಲ್ಲೇ ನೆಲೆಸಿದವನು. ಗುಜರಾತಿಗಳ ನಡುವೆ ಕೂತು ಇದನ್ನು ನೋಡಿದರೆ ಬೇರೆಯದೇ ಕಾಣುತ್ತದೆ, ಅದನ್ನು ಬರೆಯುತ್ತೇನೆ.

ಜನ ‘ಬರವಣಿಗೆ, ಬರವಣಿಗೆ’ ಅನ್ನುತ್ತಾರೆ. ನಿಜವಾಗಿ ಇದನ್ನು ಎತ್ತಿ ನಿಲ್ಲಿಸಿದ್ದು ಗುಜರಾತಿ ರಂಗಭೂಮಿ. ದಿಲೀಪ್ ಜೋಶಿ ನಾಟಕದಿಂದ ಬಂದವರು. 1989ರ ‘ಮೈನೆ ಪ್ಯಾರ್ ಕಿಯಾ’ದಲ್ಲಿ ಮನೆಯ ಆಳು ರಾಮು ಆಗಿದ್ದರು, ನೆನಪಿದೆಯಾ? ಅಲ್ಲಿಂದ ಸುಮಾರು ಇಪ್ಪತ್ತು ವರ್ಷ ಸಣ್ಣಪುಟ್ಟ ಪಾತ್ರ ಮಾಡಿ ಜೇಠಾಲಾಲ್ ಆದರು. ದಯಾ ಆಗಿದ್ದ ದಿಶಾ ವಕಾನಿಯೂ ನಾಟಕದವರು. ದಯಾಳ ತಮ್ಮ ಸುಂದರ್ ಆಗಿ ಬರುವ ಮಯೂರ್ ವಕಾನಿ ನಿಜಜೀವನದಲ್ಲೂ ಅವರ ಸಹೋದರನೇ. ಜೇಠಾಲಾಲನ ಅಂಗಡಿಯ ಕೆಲಸಗಾರ ನಟ್ಟೂ ಕಾಕಾ ಆಗಿದ್ದ ಘನಶ್ಯಾಮ್ ನಾಯಕ್ ಭವಾಯಿ ಆಡುವ ಮನೆತನದವರು. ಭವಾಯಿ ಅಂದರೆ ಗುಜರಾತಿನ ಬಯಲಾಟ. ಆ ಮನುಷ್ಯ ಬರೀ ಕಣ್ಣು ಮಿಟುಕಿಸಿ ನಗಿಸುತ್ತಿದ್ದರು. 2021ರ ಅಕ್ಟೋಬರ್ 3ರಂದು ತೀರಿಕೊಂಡಾಗ ಇಲ್ಲಿ ನಮ್ಮ ಪಕ್ಕದ ಮನೆಯವರು ಸ್ವಂತ ಚಿಕ್ಕಪ್ಪ ಹೋದ ಹಾಗೆ ಮಾತಾಡಿದರು.

ನಾಟಕದವರಿಗೆ ಒಂದು ಗುಣ ಇರುತ್ತದೆ. ಎದುರಿಗಿರುವವನ ಮಾತು ಮುಗಿಯುವವರೆಗೆ ಕಾಯುತ್ತಾರೆ. ಆ ಕಾಯುವ ಹೊತ್ತಿನಲ್ಲಿ ಮುಖದಲ್ಲೇ ಅರ್ಧ ಕೆಲಸ ಮುಗಿಸುತ್ತಾರೆ. ಅಂಗಡಿಯಲ್ಲಿ ನಟ್ಟೂ ಕಾಕಾ ಪಗಾರ ಜಾಸ್ತಿ ಮಾಡಿ ಅಂತ ಬಾಯಿ ತೆಗೆಯುವ ದೃಶ್ಯ ನೋಡಿ. ಮಾತು ಏನೂ ಇಲ್ಲ. ಪಕ್ಕದಲ್ಲಿ ಇನ್ನೊಬ್ಬ ಕೆಲಸಗಾರ ಬಾಘಾ ಸೊಂಟ ವಾಲಿಸಿ ನಿಂತಿರುತ್ತಾನೆ. ಜೇಠಾಲಾಲ್ ಕೇಳಿಸದವನಂತೆ ಲೆಕ್ಕದ ಪುಸ್ತಕ ತಿರುವುತ್ತಾನೆ. ವರ್ಷಗಟ್ಟಲೆ ಇದೇ ದೃಶ್ಯ ಮಾಡಿದರು. ವರ್ಷಗಟ್ಟಲೆ ನಗು ಬಂತು.

ಇನ್ನೊಂದು ಮೋಜಿನ ಸಂಗತಿ. ಚಂಪಕ್‌ಲಾಲ್ ಆಗಿರುವ ಅಮಿತ್ ಭಟ್, ಮಗನಾಗಿರುವ ದಿಲೀಪ್ ಜೋಶಿಗಿಂತ ವಯಸ್ಸಿನಲ್ಲಿ ಚಿಕ್ಕವರು! ಆದರೂ ಅವರು ಕೋಲು ಕುಟ್ಟಿ “ಏ ಜೇಠಿಯಾ” ಅಂದರೆ ನಮಗೇ ಎದ್ದು ನಿಲ್ಲಬೇಕು ಅನ್ನಿಸುತ್ತದೆ.

ಇಲ್ಲಿಯ ವ್ಯಾಪಾರಿ ಮನೆಗಳಲ್ಲಿ ಅಪ್ಪ-ಮಗನ ಸಂಬಂಧ ಹೆಚ್ಚುಕಡಿಮೆ ಹಾಗೇ ಇದೆ ಅಂತ ನನ್ನ ಅನಿಸಿಕೆ. ಗಲ್ಲಾದ ಮೇಲೆ ಮಗ ಕೂರುತ್ತಾನೆ. ಮಾತು ಅಪ್ಪನದೇ ನಡೆಯುತ್ತದೆ.

ಸ್ಕ್ರಿಪ್ಟ್_ಹುಳ

ಎಲ್ಲರೂ ಹೂಮಾಲೆ ಹಾಕುತ್ತಿದ್ದೀರಿ, ನಾನು ಸ್ವಲ್ಪ ಮುಳ್ಳು ಹಾಕುತ್ತೇನೆ.

ನೀವು ಯಾರೂ ಈಗಿನ ತಾರಕ್ ಮೆಹ್ತಾ ಬಗ್ಗೆ ಮಾತಾಡುತ್ತಿಲ್ಲ. ಮೇಲಿನ ಎಲ್ಲ ಉದಾಹರಣೆ ನೋಡಿ. ದಯಾ, ನಟ್ಟೂ ಕಾಕಾ, ಪಗಾರ. ಎಲ್ಲ ಹಳೆಯದು. ಅಂದರೆ ಇರುವುದು ಒಂದಲ್ಲ, ಎರಡು ಕಾರ್ಯಕ್ರಮ. ಒಂದು 2008ರಿಂದ 2017ರವರೆಗಿನದು, ಅದು ಮರುಪ್ರಸಾರದಲ್ಲೂ ಯೂಟ್ಯೂಬಿನಲ್ಲೂ ಹಗಲೂ ರಾತ್ರಿ ಓಡುತ್ತಿದೆ. ಇನ್ನೊಂದು ಹೊಸದಾಗಿ ಚಿತ್ರೀಕರಣ ಆಗುತ್ತಿರುವುದು. ಎರಡನೆಯದಕ್ಕೆ ಮೊದಲನೆಯದೇ ಎದುರಾಳಿ. ಸ್ವಂತ ನೆರಳಿನ ಜೊತೆಗೆ ಓಟಕ್ಕೆ ನಿಂತಂತೆ.

ಕಾರಣವೂ ಎಲ್ಲರಿಗೂ ಗೊತ್ತು. 2017ರಲ್ಲಿ ದಿಶಾ ವಕಾನಿ ಹೆರಿಗೆ ರಜೆ ಮೇಲೆ ಹೋದರು. 2019ರಲ್ಲಿ ಒಮ್ಮೆ ಹೀಗೆ ಬಂದು ಹಾಗೆ ಹೋದದ್ದು ಬಿಟ್ಟರೆ ಮರಳಲಿಲ್ಲ. ಅಲ್ಲಿಂದ ಶುರುವಾಯಿತು ‘ದಯಾ ಬರುತ್ತಾಳೆ’ ಆಟ. ಬಾಗಿಲು ತೆರೆಯುತ್ತದೆ, ಸಂಗೀತ ಏರುತ್ತದೆ, ನೋಡಿದರೆ ಸುಂದರ್. ಒಂದು ಸಲ ಸರಿ. ಎರಡು ಸಲ ಸರಿ. ಆಮೇಲೂ ಮಾಡಿದರೆ ನೋಡುವವನಿಗೆ ಮೋಸ ಮಾಡಿದ ಹಾಗೆ.

ಬೇರೆಯವರೂ ಒಬ್ಬೊಬ್ಬರಾಗಿ ಹೋದರು. ಟಪ್ಪು ಪಾತ್ರ ಭವ್ಯ ಗಾಂಧಿಯಿಂದ ರಾಜ್ ಅನಾದ್ಕತ್‌ಗೆ, ಅವರಿಂದ ನಿತೀಶ್ ಭಲೂನಿಗೆ ಹೋಯಿತು. 2022ರಲ್ಲಿ ಶೈಲೇಶ್ ಲೋಧಾ ಹೊರಟರು. ಕಥೆ ಹೇಳುವ ತಾರಕ್ ಮೆಹ್ತಾ ಅವರೇ ಬದಲಾದರು ಅಂದರೆ ಚಶ್ಮಾವೇ ಬದಲಾದಂತೆ, ಅಲ್ವಾ? ಅವರ ಜಾಗಕ್ಕೆ ಸಚಿನ್ ಶ್ರಾಫ್ ಬಂದರು. ಒಳ್ಳೆಯ ನಟ. ಆದರೆ ಲೋಧಾ ಕವಿ ಸಮ್ಮೇಳನದ ಮನುಷ್ಯ, ಕ್ಯಾಮೆರಾ ನೋಡಿ ಮಾತಾಡುವ ಅವರ ಧಾಟಿಯೇ ಬೇರೆ ಇತ್ತು.

ಕಸುಬಿನ ಮಾತು ಒಂದು. ದಿನಾ ಬರುವ ಕಾರ್ಯಕ್ರಮಕ್ಕೆ ಕಥೆ ಸಾಲದಾದಾಗ ಮುಖಗಳನ್ನು ತೋರಿಸುತ್ತಾರೆ. ಯಾರಾದರೂ ಒಂದು ಮಾತು ಅಂದರೆ ಸಾಕು. ಭಿಡೆ ಮುಖ, ಮಾಧವಿ ಮುಖ, ಪೋಪಟ್‌ಲಾಲ್ ಮುಖ, ಮತ್ತೆ ಭಿಡೆ ಮುಖ. ಪ್ರತಿ ಮುಖಕ್ಕೂ ಒಂದು ಢಣ್ ಸದ್ದು. ಮೊದಲ ವರ್ಷಗಳಲ್ಲಿ ಎರಡು ಕಂತಿಗೆ ಮುಗಿಯುತ್ತಿದ್ದ ಕಥೆ ಈಗ ಎರಡು ವಾರ ಎಳೆಯುತ್ತದೆ.

ಗುರುವಾರದ_ಬಾಂಡ

ಎರಡು ಕಾರ್ಯಕ್ರಮ ಅನ್ನುವುದು ಸರಿಯಾದ ಮಾತು. ಆದರೆ ಅದರಿಂದ ನನ್ನ ವಾದ ಬೀಳುವುದಿಲ್ಲ, ಗಟ್ಟಿಯಾಗುತ್ತದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಚಿತ್ರೀಕರಣ ನಿಂತಿತು. ಹೊಸ ಕಂತು ಮತ್ತೆ ಬಂದದ್ದು ಜುಲೈ 22ಕ್ಕೆ. ನಡುವೆ ಬರೀ ಹಳೆಯ ಕಂತುಗಳು. ಯಾರಾದರೂ ಅದು ಹಳತು ಅಂತ ಟಿವಿ ಆರಿಸಿದರಾ? ಸೊಸೈಟಿಯಲ್ಲಿ ನೀರು ಬರಲಿಲ್ಲ ಅನ್ನುವ ಕಂತು 2010ರಲ್ಲಿ ಮಾಡಿದ್ದಾದರೂ ಇವತ್ತಿನದೇ. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟ್ ಸಂಘದ ಸಭೆಗಾದರೂ ಹೋಗಿ ನೋಡಿ. ಅಲ್ಲೊಬ್ಬ ಭಿಡೆ ಇದ್ದೇ ಇರುತ್ತಾನೆ. ‘ಏಕಮೇವ ಸೆಕ್ರೆಟರಿ’. ನೋಟಿಸ್ ಬೋರ್ಡಿಗೆ ಬೀಗ ಹಾಕಿಕೊಂಡು ಓಡಾಡುತ್ತಿರುತ್ತಾನೆ.

ಮತ್ತೆ, ಜಗಳ ಆದ ಮೇಲೆ ಅವರು ಮಾತು ಬಿಡುವುದಿಲ್ಲ. ಭಿಡೆಗೂ ಜೇಠಾಲಾಲನಿಗೂ ಆದಷ್ಟು ಜಗಳ ನಮ್ಮ ನಿಮ್ಮ ನಡುವೆ ಆಗಿದ್ದರೆ ಮನೆ ಖಾಲಿ ಮಾಡಿ ಹೋಗುತ್ತಿದ್ದೆವು. ಅಲ್ಲಿ ರಾತ್ರಿ ಸೋಡಾ ಹೊತ್ತಿಗೆ ಇಬ್ಬರೂ ಹಾಜರ್.

ಮಲ್ಲೇಶ್ವರಂ_ಮಗಳು

ಗಂಡಸರು ಸೋಡಾ ಕುಡಿಯುತ್ತಾ ಕೂತಿದ್ದಾರೆ, ಹೆಂಗಸರು ಎಲ್ಲಿ? ಅಡುಗೆಮನೆಯಲ್ಲಿ. ಇದನ್ನು ಯಾರೂ ಎತ್ತಲಿಲ್ಲ.

ನನಗೂ ಇಷ್ಟದ ಕಾರ್ಯಕ್ರಮವೇ. ಆದರೆ ಪಟ್ಟಿ ನೋಡಿ. ದಯಾ ಗೃಹಿಣಿ. ತಾರಕ್ ಮೆಹ್ತಾನ ಹೆಂಡತಿ ಅಂಜಲಿಯ ಕೆಲಸ ಗಂಡನಿಗೆ ಹಾಗಲಕಾಯಿ ರಸ ಕುಡಿಸುವುದು. ಭಿಡೆಯ ಹೆಂಡತಿ ಮಾಧವಿ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುತ್ತಾಳೆ. ಅವಳೊಬ್ಬಳ ದುಡಿಮೆ ಕಣ್ಣಿಗೆ ಕಾಣುತ್ತದೆ, ಪುಣ್ಯ. ಬಬಿತಾ ಇರುವುದು ಬಹುಮಟ್ಟಿಗೆ ಜೇಠಾಲಾಲ್ ನೋಡಲಿ ಅಂತ. ಮದುವೆಯಾದ ಗಂಡಸು ಎದುರು ಮನೆಯ ಹೆಂಗಸನ್ನು ವರ್ಷಾನುಗಟ್ಟಲೆ ಬಾಯಿ ಬಿಟ್ಟು ನೋಡುವುದು ನಗುವ ವಿಷಯವಾ? ಜೇಠಾಲಾಲ್ ಪಾಪದವನು ಅನ್ನುವ ಕಾರಣಕ್ಕೆ ಮಾಫಿ ಸಿಕ್ಕಿಬಿಟ್ಟಿದೆ.

ಮೊದಲು ಅವನು ದಯಾಗೆ “ಏ ಪಾಗಲ್ ಔರತ್” ಅನ್ನುತ್ತಿದ್ದ. ಸೆಟ್‌ನಲ್ಲಿ ತಮಗೇ ಬಾಯಿಗೆ ಬಂದ ಮಾತು ಅದು, ಆಮೇಲೆ ಆಕ್ಷೇಪ ಬಂದದ್ದರಿಂದ ಬಿಡಬೇಕಾಯಿತು ಅಂತ ದಿಲೀಪ್ ಜೋಶಿ ಸಂದರ್ಶನದಲ್ಲಿ ಹೇಳಿದ್ದಾರೆ. ಬಿಟ್ಟದ್ದು ಒಳ್ಳೆಯದೇ ಆಯಿತು. ಬಿಟ್ಟಿದ್ದರಿಂದ ನಗು ಏನೂ ಕಡಿಮೆ ಆಗಲಿಲ್ಲ.

ಡಾಕ್ಟರ್ ಹಾಥಿ ಎಷ್ಟು ತಿನ್ನುತ್ತಾನೆ ಅನ್ನುವುದೂ ಅಷ್ಟೇ. ಹಾಥಿ ಆಗಿದ್ದ ಕವಿ ಕುಮಾರ್ ಆಜಾದ್ 2018ರ ಜುಲೈನಲ್ಲಿ ಹೃದಯಾಘಾತದಿಂದ ಹೋದರು. ಅಲ್ಲಿಂದೀಚೆಗೆ ಆ ಜೋಕುಗಳಿಗೆ ನನಗೆ ನಗು ಬರುವುದಿಲ್ಲ. ಅವರ ನಂತರ ಅದೇ ಪಾತ್ರ ಮೊದಲು ಮಾಡಿದ್ದ ನಿರ್ಮಲ್ ಸೋನಿ ಮರಳಿ ಬಂದರು.

ಆದರೂ ದಯಾ ಬಗ್ಗೆ ಒಂದು ಮಾತು. ಅವಳು ಪೆದ್ದಿ ಅಲ್ಲ. ಆ ಮನೆಯಲ್ಲಿ ಯಾರಿಗೂ ಹೆದರದೆ ಖುಷಿಯಾಗಿರುವವಳು ಅವಳೊಬ್ಬಳೇ. ಫೋನ್ ಬಂದರೂ ಕುಣಿತ, ಹಾಲು ಉಕ್ಕಿದರೂ ಕುಣಿತ. ತಾಯಿಯ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಮಾತು. ಆ ತಾಯಿಯ ಮುಖವನ್ನು ಇವತ್ತಿಗೂ ತೋರಿಸಿಲ್ಲ, ಅದು ಒಳ್ಳೆಯ ಕಿತಾಪತಿ. ಅವಳು ಹೋದ ಮೇಲೆ ಜೇಠಾಲಾಲನ ಗೋಳಿಗೆ ಎದುರು ತೂಕ ಇಲ್ಲದಾಯಿತು. ಸುಮ್ನೆ ಗೋಳು ಉಳಿಯಿತು. ನಗು ಕಮ್ಮಿಯಾದದ್ದು ಅದಕ್ಕೆ, ಕಥೆ ಎಳೆದದ್ದಕ್ಕಲ್ಲ.

ಸ್ಕ್ರಿಪ್ಟ್_ಹುಳ

ಕೊನೆಯ ಸಾಲುಗಳಿಗೆ ಪೂರ್ತಿ ಅಂಕ. ಹೊಸ ದಯಾ ಬಂದಿದ್ದರೆ 2018ರಲ್ಲೇ ಬರಬೇಕಿತ್ತು. ಕಾದು ಕಾದು ಪಾತ್ರಕ್ಕೆ ಪಾತ್ರವನ್ನೇ ದೇವರ ಕೋಣೆಗೆ ಏರಿಸಿಬಿಟ್ಟರು. ಇನ್ನು ಯಾರು ಬಂದರೂ ಕಷ್ಟ.

ಬೆಳಗಾವಿಯವ

ನಮ್ಮ ಊರಿನವರಿಗೆ ಕಣ್ಣಿಗೆ ಬೀಳುವುದು ಭಾಷೆ. 2020ರ ಮಾರ್ಚಿನಲ್ಲಿ ಒಂದು ಗಲಾಟೆ ಆಯಿತು, ಯಾರಿಗಾದರೂ ನೆನಪಿದೆಯಾ? ಒಂದು ಕಂತಿನಲ್ಲಿ ಚಂಪಕ್‌ಲಾಲ್ ಮುಂಬೈನ ಭಾಷೆ ಹಿಂದಿ ಅನ್ನುವ ಅರ್ಥದ ಮಾತಾಡಿದ. ಮಹಾರಾಷ್ಟ್ರ ನವನಿರ್ಮಾಣ ಸೇನೆಯವರು ಸಿಟ್ಟಿಗೆದ್ದರು. ಕೊನೆಗೆ ತಂಡದವರು ಕ್ಷಮೆ ಕೇಳಬೇಕಾಯಿತು. ಮುಂಬೈನಲ್ಲಿ ಮರಾಠಿ ಮೇಷ್ಟ್ರೊಬ್ಬನನ್ನು ಸೆಕ್ರೆಟರಿ ಮಾಡಿಕೊಂಡ ಕಾರ್ಯಕ್ರಮಕ್ಕೇ ಹೀಗಾಯಿತು. ಎಲ್ಲ ಭಾಷೆಯವರನ್ನೂ ಒಂದು ಅಂಗಳದಲ್ಲಿ ಕೂರಿಸುವುದು ಸುಲಭ. ಅವರೆಲ್ಲ ಯಾವ ಭಾಷೆಯಲ್ಲಿ ಮಾತಾಡಬೇಕು ಅನ್ನುವಾಗ ಬಣ್ಣ ಗೊತ್ತಾಗುತ್ತದೆ.

ಇನ್ನು ಅಯ್ಯರ್. ಕೃಷ್ಣನ್ ಅಯ್ಯರ್, ವಿಜ್ಞಾನಿ. ಆ ಪಾತ್ರ ಮಾಡುವ ತನುಜ್ ಮಹಾಶಬ್ದೆ ಮಧ್ಯಪ್ರದೇಶದ ಮರಾಠಿಗರು. ನಟನೆ ಚೆನ್ನಾಗಿಯೇ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದಿಯವರ ಕಣ್ಣಿಗೆ ‘ಸೌತ್’ ಅಂದರೆ ಏನೋ ಅದೇ ಅಲ್ಲಿದೆ. ಹಣೆಗೆ ವಿಭೂತಿ, ರಾಗ ಎಳೆಯುವ ಹಿಂದಿ, ಬಣ್ಣದ ಮೇಲೆ ಜೋಕು. ಬಬಿತಾ ಇವನನ್ನು ಹೇಗೆ ಮದುವೆಯಾದಳು ಅನ್ನುವುದೇ ಜೇಠಾಲಾಲನ ದೊಡ್ಡ ಹೊಟ್ಟೆಕಿಚ್ಚು. ನಾವು ನಗುತ್ತೇವೆ. ನಕ್ಕ ಮೇಲೆ ಒಂಥರಾ ಆಗುತ್ತದೆ.

ಇನ್ನೊಂದು ಮುಖವನ್ನೂ ಹೇಳಬೇಕು. ತಮಿಳು-ಬಂಗಾಳಿ ಜೋಡಿ, ಪಂಜಾಬಿ-ಪಾರ್ಸಿ ಜೋಡಿ. ಎರಡನ್ನೂ ಯಾವ ಭಾಷಣವೂ ಇಲ್ಲದೆ ಸಹಜವಾಗಿ ಇಟ್ಟಿದ್ದಾರೆ. ಅವರ ಮದುವೆ ಸರಿಯಾ ತಪ್ಪಾ ಅಂತ ಆ ಸೊಸೈಟಿಯಲ್ಲಿ ಯಾರೂ ಕೂತು ಚರ್ಚೆ ಮಾಡುವುದಿಲ್ಲ. ಆದರೆ ಅಬ್ದುಲ್‌ಗೆ ಮಾತ್ರ ಒಳಗೆ ಫ್ಲ್ಯಾಟ್ ಇಲ್ಲ, ಹೊರಗೆ ಅಂಗಡಿ ಇದೆ. ಎಲ್ಲರ ಕೆಲಸಕ್ಕೂ ಓಡುವವನು ಅವನೇ. ನನಗೆ ಇದು ಸುಮ್ನೆ ಆದದ್ದು ಅನ್ನಿಸುವುದಿಲ್ಲ.

ಹಾಸ್ಟೆಲ್_ಹುಡುಗ

ನೀವೆಲ್ಲ ಬಹಳ ಯೋಚನೆ ಮಾಡುತ್ತೀರಪ್ಪ. ನಮ್ಮ ಹಾಸ್ಟೆಲಿನಲ್ಲಿ ಊಟ ಮಾಡುವಾಗ ಮೊಬೈಲ್ ಅನ್ನು ನೀರಿನ ಬಾಟಲಿಗೆ ಒರಗಿಸಿ ಇದನ್ನು ಹಾಕುತ್ತೇವೆ. ಪರೀಕ್ಷೆ ಇರುವಾಗ ಹೊಸ ಸರಣಿ ಶುರು ಮಾಡಿದರೆ ಮುಗಿಯಿತು, ರಾತ್ರಿ ಹೋಯಿತು. ಇದು ಇಪ್ಪತ್ತು ನಿಮಿಷ. ಮುಂದೆ ಏನಾಗುತ್ತದೆ ಅನ್ನುವ ಕುತೂಹಲ ಸೊನ್ನೆ. ಹೆಣ್ಣು ಸಿಗದೆ ಒದ್ದಾಡುವ ಪೋಪಟ್‌ಲಾಲ್‌ನ ಮದುವೆ ಮುರಿಯುತ್ತದೆ ಅಂತ ಗೊತ್ತೇ ಇದೆ. ಮುರಿದಾಗ ಅವನು “ಕ್ಯಾನ್ಸಲ್, ಕ್ಯಾನ್ಸಲ್” ಅನ್ನುತ್ತಾನೆ, ನಾವು ತಟ್ಟೆ ತೊಳೆಯೋಕೆ ಹೋಗುತ್ತೇವೆ.

ಹಾಗೇ ಒಂದು ಮಾಹಿತಿ: ಆ ಪೋಪಟ್‌ಲಾಲ್ ಇದ್ದಾರಲ್ಲ, ಶ್ಯಾಮ್ ಪಾಠಕ್, ಅವರು ಆಂಗ್ ಲೀ ಅವರ ‘ಲಸ್ಟ್, ಕಾಷನ್’ ಚೀನೀ ಸಿನಿಮಾದಲ್ಲಿ ಒಡವೆ ಅಂಗಡಿಯವನ ಪಾತ್ರ ಮಾಡಿದ್ದಾರೆ. ಇಲ್ಲಿ ಯಾವಾಗಲೂ ಕೈಲಿರುವ ಆ ಛತ್ರಿ ಇಲ್ಲದೆ. ಮೊದಲ ಸಲ ನೋಡಿದಾಗ ನಮ್ಮ ಕೋಣೆಯವರೆಲ್ಲ ಕೂಗಿಕೊಂಡೆವು.

ಅಜ್ಜಿ_ರಿಮೋಟ್

ಹಾಸ್ಟೆಲ್ ಹುಡುಗ ಹೇಳಿದ್ದೂ ನಾನು ಹೇಳಿದ್ದೂ ಒಂದೇ. ಅವನಿಗೆ ಪರೀಕ್ಷೆ, ನನಗೆ ರೊಟ್ಟಿ.

ಹಳೇಟಿವಿ

ಒಂದು ಪ್ರಶ್ನೆ ಉಳಿದಿದೆ. ನಮ್ಮಲ್ಲಿ ಯಾಕೆ ಇಷ್ಟು ವರ್ಷ ಓಡುವಂಥದ್ದು ಬರಲಿಲ್ಲ?

ನಮ್ಮಲ್ಲೂ ಇತ್ತು. ಈಟಿವಿ ಕನ್ನಡದಲ್ಲಿ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’, ವಿಜಯಪ್ರಸಾದ್ ಅವರ ‘ಸಿಲ್ಲಿ ಲಲ್ಲಿ’. ಹೆಂಡತಿಯ ಕೈಲಿ ಒದೆ ತಿನ್ನುವ ಪಾಂಡು ಆಗಿ ಚಿದಾನಂದ್, ಸಮಾಜ ಸೇವಕಿ ಲಲಿತಾಂಬ ಆಗಿ ಮಂಜುಭಾಷಿಣಿ, ಡಾಕ್ಟರ್ ವಿಠಲ್ ರಾವ್ ಆಗಿ ರವಿಶಂಕರ್. ಇವತ್ತಿಗೂ ಆ ತುಣುಕುಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ. ‘ಪಾಪ ಪಾಂಡು’ವನ್ನು 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಮತ್ತೆ ತಂದರು. ಚೆನ್ನಾಗಿತ್ತು. ಆದರೆ ಮೊದಲಿನಂತೆ ಕಚ್ಚಿಕೊಳ್ಳಲಿಲ್ಲ.

ನನಗೆ ಕಾಣುವ ವ್ಯತ್ಯಾಸ ಇದು. ಪಾಂಡು ಆಗಲಿ, ಲಲಿತಾಂಬ ಆಗಲಿ, ಅಲ್ಲಿ ನಗು ಇರುವುದು ಮಾತಿನಲ್ಲಿ. ಪದಕ್ಕೆ ಪದ ಕಟ್ಟುವುದು, ಅಪಾರ್ಥ ಮಾಡಿಕೊಳ್ಳುವುದು, ವ್ಯಕ್ತಿಗಳ ವಿಚಿತ್ರ ಹುಚ್ಚುಗಳು. ಅದು ಹರಿತವಾದ ಹಾಸ್ಯ. ನನ್ನ ಕೇಳಿದರೆ ತಾರಕ್ ಮೆಹ್ತಾಗಿಂತ ಎಷ್ಟೋ ಮೇಲು. ಆದರೆ ಅದನ್ನು ದಿನಾ ಬರೆಯಲು ಬುದ್ಧಿವಂತ ಬರಹಗಾರ ದಿನಾ ಬೇಕು. ಗೋಕುಲಧಾಮಕ್ಕೆ ಅಷ್ಟು ಬೇಡ. ಒಂದು ಅಂಗಳ, ಒಂದು ಹಬ್ಬ, ಒಂದು ಕಳೆದುಹೋದ ಪೊಟ್ಟಣ ಇದ್ದರೆ ವಾರ ನಡೆಯುತ್ತದೆ. ದೀರ್ಘಾಯುಷ್ಯಕ್ಕೆ ಹರಿತ ಬೇಕಿಲ್ಲ ಅನ್ನುವುದು ಬೇಜಾರಿನ ಸಂಗತಿ, ಆದರೆ ಹಾಗೇ ಇದೆ.

ಇನ್ನೊಂದು, ಕನ್ನಡ ಟಿವಿಯಲ್ಲಿ ಬಹಳ ಕಾಲ ಡಬ್ಬಿಂಗ್ ಇರಲಿಲ್ಲ. 2020ರಲ್ಲಿ ‘ಮಹಾಭಾರತ’ ಸ್ಟಾರ್ ಸುವರ್ಣದಲ್ಲಿ ಕನ್ನಡದಲ್ಲಿ ಬಂದಾಗಲೇ ಆ ಬಾಗಿಲು ಅಗಲವಾಗಿ ತೆರೆದದ್ದು. ಅದಕ್ಕೇ ನಮ್ಮವರು ಜೇಠಾಲಾಲನನ್ನು ಹಿಂದಿಯಲ್ಲೇ ನೋಡಿದರು. ಅರ್ಧ ಮಕ್ಕಳು ಹಿಂದಿ ಕಲಿತದ್ದೇ ಅವನಿಂದ.

ಬರೋಡಾ_ಕನ್ನಡಿಗ

ಅವನಿಂದ ಹಿಂದಿ ಕಲಿತವರು ಉತ್ತರ ಭಾರತಕ್ಕೆ ಹೋಗಿ ಮಾತಾಡಿದರೆ ಎಲ್ಲರೂ ಕೇಳುವುದು, ನೀವು ಗುಜರಾತಿನವರಾ ಅಂತ. ನಮ್ಮ ಮಗಳಿಗೆ ಆಗಿದೆ.

ಮಲ್ಲೇಶ್ವರಂ_ಮಗಳು

@ಹಳೇಟಿವಿ, ‘ಸಿಲ್ಲಿ ಲಲ್ಲಿ’ಯಲ್ಲಿ ಮನೆಯ ಯಜಮಾನಿಕೆ ಹೆಂಗಸಿನದು. ಅದನ್ನೂ ಸೇರಿಸಿಕೊಳ್ಳಿ. ಲಲಿತಾಂಬ ಯಾರಿಗೂ ಹಾಗಲಕಾಯಿ ರಸ ಮಾಡಿ ಕೊಡುತ್ತಾ ಕೂರಲಿಲ್ಲ.

ಹೊಸಬ_ಹಾಸನ

ಎಲ್ಲ ಓದಿದೆ. ನಾನು ಒಂದು ಕಂತನ್ನೂ ನೋಡಿಲ್ಲ. ಅಮ್ಮ ಈಗ ನಮ್ಮ ಜೊತೆ ಬೆಂಗಳೂರಿನಲ್ಲಿದ್ದಾರೆ, ಸಂಜೆ ಹೊತ್ತು ಹೋಗುವುದಿಲ್ಲ. ಹಿಂದಿ ಸುಮಾರಾಗಿ ತಿಳಿಯುತ್ತದೆ. ತೆಲುಗು ಚೆನ್ನಾಗಿ ಬರುತ್ತದೆ. 4000 ಕಂತಿನಲ್ಲಿ ಎಲ್ಲಿಂದ ಶುರು ಮಾಡಬೇಕು?

ಸ್ಕ್ರಿಪ್ಟ್_ಹುಳ

ತೆಲುಗಿನಲ್ಲಿ ‘ತಾರಕ್ ಮಾಮಾ ಅಯ್ಯೋ ರಾಮಾ’ ಅಂತ ಡಬ್ ಆಗಿದೆ. ಆದರೆ ಹಿಂದಿಯಲ್ಲೇ ಹಾಕಿ. ಚಂಪಕ್‌ಲಾಲ್‌ನ ಗಂಟಲು ಡಬ್ಬಿಂಗಿಗೆ ಸಿಗುವುದಿಲ್ಲ.

ಮೊದಲ ಕಂತಿನಿಂದ ಶುರು ಮಾಡಬೇಡಿ, ಅಗತ್ಯವಿಲ್ಲ. ಗುಲಾಬೋ ಕಥೆ ಹುಡುಕಿ. ಗುಲಾಬೋ ಅನ್ನುವವಳು ಜೇಠಾಲಾಲ್ ತನ್ನ ಗಂಡ ಅಂತ ಸೊಸೈಟಿಗೆ ಬಂದು ಕೂರುತ್ತಾಳೆ, ವಿಷಯ ಕೋರ್ಟಿಗೆ ಹೋಗುತ್ತದೆ. ಜೇಠಾಲಾಲ್, ದಯಾ, ಅಪ್ಪ ಮೂವರೂ ತಮ್ಮ ಪೂರ್ತಿ ಫಾರ್ಮಿನಲ್ಲಿದ್ದಾರೆ. ಅದು ಹಿಡಿಸಿದರೆ ಸುಂದರ್ ಬರುವ ಯಾವ ಕಂತಾದರೂ ಆಗುತ್ತದೆ. ಅಹಮದಾಬಾದಿನಿಂದ ಮುಂಬೈವರೆಗೆ ಟ್ಯಾಕ್ಸಿ ಮಾಡಿಕೊಂಡು ಬಂದು ಬಾಡಿಗೆಯನ್ನು ಬಾವನ ತಲೆಗೆ ಕಟ್ಟುವ ಭಾಮೈದ ಅವನು. ಅಮ್ಮನಿಗೆ ವಿವರಣೆಯೇ ಬೇಡ. ಎಲ್ಲರ ಮನೆಯಲ್ಲೂ ಒಬ್ಬ ಇರುತ್ತಾನೆ. 2017ರ ನಂತರದ್ದು ಸದ್ಯಕ್ಕೆ ಮುಟ್ಟಬೇಡಿ.

ಗುರುವಾರದ_ಬಾಂಡ

ಫಾಫಡಾ ಅಂದರೆ ಏನು, ಎಲ್ಲಿ ಸಿಗುತ್ತದೆ ಅಂತ ಅಮ್ಮ ಎರಡನೇ ದಿನವೇ ಕೇಳುತ್ತಾರೆ. ಗಾಂಧಿನಗರ, ಚಿಕ್ಕಪೇಟೆ ಕಡೆಯ ಗುಜರಾತಿ ಅಂಗಡಿಗಳಲ್ಲಿ ವಿಚಾರಿಸಿ. ಭಾನುವಾರ ಬೆಳಿಗ್ಗೆ ಬೇಗ ಹೋಗಿ. ಜೊತೆಗೆ ಹುರಿದ ಹಸಿಮೆಣಸಿನಕಾಯಿ ಕೇಳಿ ಹಾಕಿಸಿಕೊಳ್ಳಿ.